ಐದನೇ ಹಾಡಿಗೆ ಇಳಿಯುವ ತಿಮ್ಮಮ್ಮ

ಬಾಳೂರು
ಮೇ 20, ಮಂಗಳವಾರ

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ನಿಮ್ಮ ಕಾಲಿನ ಊತ ಇಳಿಯಿತೇ? ಅಲ್ಲಿನ ಬಿಸಿಲಿನ ಸುದ್ದಿ ಕೇಳಿದಾಗಲೆಲ್ಲ ಅಮ್ಮಿ ನಿಮ್ಮ ಸಕ್ಕರೆ ಮಾತ್ರೆಯ ಚಿಂತೆ ಮಾಡುತ್ತಾರೆ. ಹಜ್ಜಿನ ದಿನಗಳು ಬರುವ ಮೊದಲೇ ಹರಮ್ ಮಸೀದಿಗೆ ದಿನಕ್ಕೆ ಐದು ಸಲ ನಡೆದು ಸುಸ್ತಾಗಬೇಡಿ, ಬಸ್ಸಿದ್ದರೆ ಬಸ್ಸಿಗೆ ಹತ್ತಿ. ನಲವತ್ತು ವರ್ಷ ಜೀಪು ಓಡಿಸಿದವರಿಗೆ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂರುವುದು ಕಷ್ಟ ಎಂದು ನನಗೆ ಗೊತ್ತು, ಆದರೂ ಹತ್ತಿ. ನಿಮ್ಮ ಮಗನಿಗೆ ಉರ್ದು ಬರೆಯಲು ಬಾರದು ಎಂಬ ನಿಮ್ಮ ಹಳೆಯ ಬೇಸರ ಈ ಕಾಗದದಿಂದಲೂ ತೀರುವುದಿಲ್ಲ. ನಾವಿಬ್ಬರೂ ಬಾಳೂರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೊಟ್ಟಿಗೆಹಾರದ ಯೂಸುಫ್ ಸಾಬರು ನಾಳೆ ಸಂಜೆ ಹಜ್ಜಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಇದನ್ನೂ ಅಮ್ಮಿ ಮಾಡಿದ ಖಾರದ ಅವಲಕ್ಕಿಯನ್ನೂ ಕಳಿಸುತ್ತೇನೆ.

ಮನೆಯಲ್ಲಿ ಎಲ್ಲರೂ ಸೌಖ್ಯ. ಅಮ್ಮಿಯ ಮಂಡಿನೋವು ಹಾಗೆಯೇ ಇದೆ. ಇದೊಂದು ಮಂಡಿ ಸರಿ ಇದ್ದಿದ್ದರೆ ನಾನೂ ಅವರ ಜೊತೆ ಹೋಗುತ್ತಿದ್ದೆ ಎಂದು ದಿನಕ್ಕೊಂದು ಸಲ ಹೇಳಿ ಮಂಡಿಗೆ ಬೈಯುತ್ತಾರೆ. ಎರಡು ಮಳೆ ಬಂತು. ತಂಗಿ ಶೈಮಾ ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾಳಂತೆ. ಜೀಪಿನ ಕ್ಲಚ್ಚು ಈಗ ಸರಿಯಾಗಿದೆ. ದಿನಾ ವಿಡಿಯೊದಲ್ಲಿ ಮುಖ ನೋಡಿಕೊಂಡು ಮಾತಾಡುವಾಗ ಇವನಿಗೇನು ಕಾಗದದ ಹುಚ್ಚು ಎಂದು ನೀವು ಕೇಳಬಹುದು. ಮೊನ್ನೆ ನೀವು ಒಬ್ಬೊಬ್ಬರ ಹೆಸರೂ ಹಿಡಿದು ವಿಚಾರಿಸಿದಿರಿ. ತಿಮ್ಮಮ್ಮ ಹೇಗಿದ್ದಾರೆ ಎಂದಿರಿ. ಅಮ್ಮಿ ಪಕ್ಕದಲ್ಲಿದ್ದರು, ನಿಮ್ಮ ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ನಾನು ಹುಷಾರಾಗಿದ್ದಾರೆ ಎಂದೆ. ಅದು ನಿಜವಲ್ಲ ಅಬ್ಬಾ. ತಿಮ್ಮಮ್ಮನ ಬಲಗೈ ಮಣಿಕಟ್ಟು ಮುರಿದಿದೆ, ಕಳೆದ ಗುರುವಾರದಿಂದ ಮೂಡಿಗೆರೆಯ ಆಸ್ಪತ್ರೆಯಲ್ಲಿದ್ದಾರೆ. ಅದಕ್ಕೆ ಕಾರಣ ನಾನು.

ಮೊದಲಿನಿಂದ ಹೇಳುತ್ತೇನೆ. ನೀವು ಹೊರಡುವ ಹಿಂದಿನ ದಿನ ಕೀಲಿಕೈ ಕೊಡುತ್ತಾ ಹೇಳಿದ್ದು ಎರಡೇ ಮಾತು. ಬ್ರೇಕ್ ಎಣ್ಣೆ ನೋಡಿಕೊ, ಟೇಪಿಗೆ ಕೈ ಹಾಕಬೇಡ. ಮೊದಲನೆಯದನ್ನು ಪಾಲಿಸಿದೆ. ಎರಡನೆಯದನ್ನು ಮುದುಕರ ಮೋಹ ಎಂದುಕೊಂಡೆ. ಮುದುಕ ಎಂದದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ. ನಾನು ಹುಟ್ಟುವ ಮೊದಲಿನ ಕ್ಯಾಸೆಟ್ಟು, ಅದೇ ಏಳು ಹಾಡು, ಸವೆದರೆ ಇರಲಿ ಎಂದು ಅದರದೇ ಇನ್ನೆರಡು ಪ್ರತಿ. ಅದರ ಮೇಲೆ ನಿಮ್ಮ ಆ ವಿಚಿತ್ರ ಅಭ್ಯಾಸ ಬೇರೆ. ಸಂಜೆ ಕೊಟ್ಟಿಗೆಹಾರದಲ್ಲಿ ಕೆಲಸ ಮುಗಿಸಿದವರನ್ನು ಹತ್ತಿಸಿಕೊಂಡು ಜೀಪು ಹೊರಟಾಗ ಮೊದಲ ಹಾಡು ಶುರು, ಜೀಪು ಎಲ್ಲಿ ನಿಂತರೂ ಟೇಪು ನಿಲ್ಲಬೇಕು, ಜೀಪು ಹೊರಟರೆ ಮಾತ್ರ ಹಾಡು ಮುಂದೆ ಹೋಗಬೇಕು. ಯಾರಾದರೂ ಗೋಣಿಚೀಲ ಇಳಿಸುವಾಗ ಹಾಡುಗಾರ ಅರ್ಧ ಮಾತಿನಲ್ಲಿ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಇಪ್ಪತ್ತೈದರ ಮೇಲೆ ಮುಳ್ಳು ಏರಿಸದ ನಿಮ್ಮ ಓಟವನ್ನೂ ಈ ಟೇಪು ನಿಲ್ಲಿಸುವುದನ್ನೂ ಹೇಳಿ ನಾನು ಗೆಳೆಯರ ಮುಂದೆ ಎಷ್ಟು ನಗಾಡಿದ್ದೇನೋ ಲೆಕ್ಕವಿಲ್ಲ.

ನೀವು ಹೋದ ಮೇಲೆ ಮೂಡಿಗೆರೆಯಲ್ಲಿ ಟೇಪು ಬಿಚ್ಚಿಸಿ ಹೊಸ ಸೆಟ್ ಹಾಕಿಸಿದೆ, ಫೋನಿನಿಂದ ಹಾಡುವಂಥದ್ದು. ನಿಮ್ಮ ಹಾಡುಗಳನ್ನು ಬಿಡಲಿಲ್ಲ. ಏಳನ್ನೂ ಒಂದು ಆಪ್‌ನಲ್ಲಿ ಹುಡುಕಿ, ನಿಮ್ಮ ಕ್ಯಾಸೆಟ್ಟಿನ ಕ್ರಮದಲ್ಲೇ ಪಟ್ಟಿ ಮಾಡಿ ‘ಅಬ್ಬಾ’ ಎಂದು ಹೆಸರಿಟ್ಟೆ. ನೀವು ಬಂದಾಗ ತೋರಿಸಿ ಖುಷಿಪಡಿಸಬೇಕೆಂದಿದ್ದೆ. ಆದರೆ ಆ ಆಪ್‌ಗೆ ಕ್ರಮವೆಂಬುದೇ ಇಲ್ಲ. ಏಳು ಹಾಡನ್ನೂ ಚೀಲಕ್ಕೆ ಹಾಕಿ ಕುಲುಕಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಡುತ್ತದೆ. ಮೊದಲನೆಯದನ್ನು ಒತ್ತಿದರೆ ಆರನೆಯದು ಬರುತ್ತದೆ. ನಡುವೆ ಸಾಬೂನಿನ ಜಾಹೀರಾತು. ಆಮೇಲೆ ನಾನು ಕೇಳದೇ ಇದ್ದ ಯಾವುದೋ ಕುಣಿತದ ಹಾಡು, ನಿಮಗೆ ಇದೂ ಇಷ್ಟವಾಗಬಹುದು ಎಂಬ ಉಪಚಾರದ ಜೊತೆ. ಎರಡು ಬಾಣ ಒಂದಕ್ಕೊಂದು ಹೆಣೆದುಕೊಂಡ ಗುರುತೊಂದಿದೆ, ಅದನ್ನು ಎಷ್ಟು ಒತ್ತಿದರೂ ಆರುವುದಿಲ್ಲ. ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟಿದವರಿಗೆ ಮಾತ್ರ ಹಾಡು ಸಾಲಾಗಿ ಬರುತ್ತದಂತೆ. ಒಂದೇ ಸಂಜೆ ಒಂದೇ ಹಾಡು ಮೂರು ಸಲ ಬಂದಾಗ ಸಾವಿತ್ರಮ್ಮ, ಅದೇ ತಿಮ್ಮಮ್ಮನ ಪಕ್ಕದ ಮನೆಯವರು, ದಿನಾ ಅವರ ಜೊತೆಯಲ್ಲೇ ಇಳಿಯುವವರು, ಇದೆಂಥ ಮಾರಾಯ, ಉಳಿದೋರೆಲ್ಲ ರಜೆ ಹಾಕಿದ್ದಾರಾ ಅಂದರು. ಎಸ್ಟೇಟಿನ ಮೇಸ್ತ್ರಿ ದಯಾನಂದಣ್ಣ, ನಿನ್ನ ಫೋನಿಗೆ ತಲೆ ಕೆಟ್ಟಿದೆ ಕಣೋ, ವೈದ್ಯರಿಗೆ ತೋರ್ಸು ಅಂದ. ನನಗೂ ಸಿಟ್ಟು ಬರುತ್ತಿತ್ತು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಎಷ್ಟಂತ ಒತ್ತಲಿ? ಎರಡು ದಿನ ಜಗಳವಾಡಿ, ಬರುವುದು ಬರಲಿ ಎಂದು ಬಿಟ್ಟುಬಿಟ್ಟೆ.

ಗುರುವಾರ ಸಾವಿತ್ರಮ್ಮ ಬಂದಿರಲಿಲ್ಲ, ಕಳಸದಲ್ಲಿ ಯಾರದೋ ಮದುವೆ. ತಿಮ್ಮಮ್ಮ ಹಿಂದಿನ ಸೀಟಿನ ತುದಿಯಲ್ಲಿ ಕೂತಿದ್ದರು. ಸಂಜೆಯ ಮಂಜು ಇಳಿದಿತ್ತು. ಹಳೇ ಮೋರಿಯ ತಿರುವಿನ ಹತ್ತಿರ ಅವರು ಜೀಪಿನ ಮೈ ತಟ್ಟಿ, ಇಲ್ಲೇ ನಿಲ್ಸಪ್ಪ ಅಂದರು. ಅವರ ಮನೆಯ ಗೇಟು ಅಲ್ಲಿಂದ ಆರು ಕಿಲೋಮೀಟರ್ ಮುಂದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ನಾನು ಆ ಹೊತ್ತಿಗೆ ಬಗ್ಗಿ ಫೋನಿನ ಪರದೆ ಮುಚ್ಚಿದ ಜಾಹೀರಾತು ಸರಿಸುತ್ತಿದ್ದೆ. ಯಾರು ತಟ್ಟಿದ್ದು ಎಂದೂ ನೋಡದೆ ನಿಲ್ಲಿಸಿದೆ, ಹಿಂದಿನ ಬಾಗಿಲು ಬಡಿದ ಸದ್ದಾದ ಮೇಲೆ ಹೊರಟೆ. ಅವರ ಗೇಟು ದಾಟುವಾಗ ಯಾರೂ ನಿಲ್ಸು ಅನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ. ಬಾಳೂರು ಮುಟ್ಟಿ ಚಹಾ ಕುಡಿಯುವಾಗ ಪಿಕಪ್ಪಿನ ರವಿ ಫೋನ್ ಮಾಡಿದ. ಮೋರಿಯ ಪಕ್ಕದ ಚರಂಡಿಯಲ್ಲಿ ತಿಮ್ಮಮ್ಮ ಬಿದ್ದಿದ್ದರು, ಮುಕ್ಕಾಲು ಗಂಟೆಯಿಂದ. ಮನೆಯ ದಾರಿ ಎಂದುಕೊಂಡು ಬಲಕ್ಕೆ ಕಾಲಿಟ್ಟಿದ್ದಾರೆ. ಅಲ್ಲಿ ದಾರಿ ಇರಲಿಲ್ಲ.

ಎಲ್ಲರೂ ಅವರಿಗೆ ಅರಳುಮರಳು ಎಂದರು. ಅವರು ತಾವಾಗಿಯೇ, ಹೊಟ್ಟೆ ಸರಿ ಇರ್ಲಿಲ್ಲ, ಅದ್ಕೆ ಇಳಿದೆ, ಕಾಲು ಜಾರ್ತು ಎಂದು ಸೊಸೆಗೂ ಮೇಸ್ತ್ರಿಗೂ ಹೇಳಿದ್ದಾರೆ. ನಾನು ಅದನ್ನೇ ನಂಬಿ ಹಗುರಾಗಿದ್ದೆ. ಶುಕ್ರವಾರ ಕಿತ್ತಳೆಹಣ್ಣು ಹಿಡಿದು ನೋಡಲು ಹೋದೆ. ಸೊಸೆ ಮಾತ್ರೆ ತರಲು ಹೊರಗೆ ಹೋಗಿದ್ದರು. ತಿಮ್ಮಮ್ಮ ನನ್ನ ಕಡೆ ತಿರುಗಿದರು, ಆದರೆ ಅವರ ನೋಟ ನನ್ನ ಕಿವಿಯ ಪಕ್ಕದಲ್ಲೆಲ್ಲೋ ಇತ್ತು. ಐದನೇ ಹಾಡು ಬಂತಲ್ಲಪ್ಪ, ನಮ್ಮ ಗೇಟು ಅಂತ ಇಳಿದೆ ಅಂದರು. ನನಗೆ ಅರ್ಥವಾಗಲಿಲ್ಲ. ಆಗ ಮೆಲ್ಲಗೆ ಎಲ್ಲ ಹೇಳಿದರು. ಕಣ್ಣಿನ ನರ ಒಣಗಿ ಆರು ವರ್ಷವಾಯಿತಂತೆ. ಆಪರೇಷನ್ನಿಗೂ ಕನ್ನಡಕಕ್ಕೂ ಆಗುವಂಥದ್ದಲ್ಲವಂತೆ. ನೆರಳು ಮಾತ್ರ ಕಾಣುತ್ತದೆ, ಸಂಜೆಗೆ ಅದೂ ಇಲ್ಲ. ಎಸ್ಟೇಟಿನ ಸ್ಟೋರಿನಲ್ಲಿ ಕೂತು ಕಾಳುಮೆಣಸಿನ ಕಡ್ಡಿ ಕಸ ಆರಿಸುವುದಕ್ಕೆ ಬೆರಳು ಸಾಕು, ಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ಗೊತ್ತಾಗುತ್ತದೆ ಎಂದರು. ಆದರೆ ಕಣ್ಣಿಲ್ಲ ಎಂದು ದಯಾನಂದಣ್ಣನಿಗೆ ತಿಳಿದ ದಿನ ಅವರ ಕೆಲಸ ಮುಗಿಯಿತು. ಮನೆಯಲ್ಲಿ ಕೂತು ಸೊಸೆ ಹಾಕಿದ ಅನ್ನ ಉಣ್ಣುವುದಕ್ಕೆ ಅವರಿಗೆ ಮನಸ್ಸಿಲ್ಲ. ಬೆಳಿಗ್ಗೆ ತೊಂದರೆಯಿಲ್ಲ, ಕೊಟ್ಟಿಗೆಹಾರದಲ್ಲಿ ಎಲ್ಲರೂ ಇಳಿಯುತ್ತಾರೆ. ಸಂಜೆ ಮಾತ್ರ ಎಲ್ಲಿ ಬಂತು ಎಂದು ಯಾರನ್ನೂ ಕೇಳುವಂತಿಲ್ಲ, ಮೇಸ್ತ್ರಿ ಪಕ್ಕದಲ್ಲೇ ಕೂತಿರುತ್ತಾನೆ.

ಇದನ್ನು ಆರು ವರ್ಷದ ಹಿಂದೆ ಕಂಡುಹಿಡಿದವರು ನೀವೊಬ್ಬರೇ. ಕಣ್ಣಿನ ಮಾತೇ ಎತ್ತದೆ, ಐದನೇ ಹಾಡು ಶುರುವಾದ್ರೆ ನಿಮ್ಮ ಗೇಟು ಬಂತು ಅಂತ ಲೆಕ್ಕ ತಿಮ್ಮಮ್ಮ ಎಂದು ಒಂದು ದಿನ ಸುಮ್ಮನೆ ಹೇಳಿದಿರಂತೆ. ಆವತ್ತಿನಿಂದ ಅಷ್ಟೇ. ಟೇಪು ನಿಲ್ಲಿಸಿ ನಿಲ್ಲಿಸಿ ಹಾಕುತ್ತಿದ್ದುದು ಅದಕ್ಕೆ, ನಿಧಾನ ಓಡಿಸುತ್ತಿದ್ದುದು ಅದಕ್ಕೆ. ಗುರುವಾರ ಮೊದಲ ಹಾಡು ಸರಿಯಾಗಿಯೇ ಬಂದಿತ್ತು. ಅದರ ಹಿಂದೆಯೇ ಐದನೆಯದು ಬಂತು. ನಡುವೆ ಕಣ್ಣು ಹತ್ತಿತೇನೋ ಅಂದ್ಕಂಡೆ ಮಗ, ದಿನವಿಡೀ ಕೂತು ಸುಸ್ತಾಗಿತ್ತು ಎಂದರು. ತಪ್ಪೆಲ್ಲ ತಮ್ಮ ತೂಕಡಿಕೆಯದು ಎಂಬಂತೆ.

ಅಬ್ಬಾ, ನಾನು ಆ ಕಿತ್ತಳೆಹಣ್ಣು ಅಲ್ಲೇ ಇಟ್ಟು ಹೊರಗೆ ಬಂದು ಜೀಪಿನಲ್ಲಿ ಕೂತು ಅತ್ತೆ. ಮೊದಲು ಆಪ್‌ಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ನಿಮಗೂ ಬೈದೆ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಯಾರಾದರೂ ಮೊದಲೇ ಹೇಳಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ? ಆದರೆ ನೀವು ಹೇಳುವವರಲ್ಲ. ಇನ್ನೊಬ್ಬರ ಗುಟ್ಟನ್ನು ಮಗನಿಗೂ ಕೊಡುವವರಲ್ಲ.

ಮನೆಗೆ ಬಂದು ಅಮ್ಮಿಯ ಹತ್ತಿರ ಹಳೇ ಟೇಪು ಗುಜರಿಗೆ ಹೋಯಿತೇ ಎಂದು ಕೇಳಿದೆ. ಅಮ್ಮಿ ಅಕ್ಕಿ ಡಬ್ಬದ ಹಿಂದಿನಿಂದ ಟವೆಲಿನಲ್ಲಿ ಸುತ್ತಿಟ್ಟಿದ್ದನ್ನು ತೆಗೆದುಕೊಟ್ಟರು. ನಿಮ್ಮಪ್ಪ ಬಂದು ಕೇಳಿದ್ರೆ ನಾನೇನು ಹೇಳ್ಲಿ ಅಂತ ಇಟ್ಕೊಂಡಿದ್ದೆ ಅಂದರು. ಶನಿವಾರ ಅದನ್ನು ಮತ್ತೆ ಹಾಕಿಸಿದೆ. ಈಗ ಜೀಪು ನಿಂತಾಗೆಲ್ಲ ನಾನೂ ಟೇಪು ನಿಲ್ಲಿಸುತ್ತೇನೆ. ಎರಡು ಸಲ ಮರೆತು ಹಿಂದಕ್ಕೆ ಸುತ್ತಿದೆ. ಸುಲಭದ ಕೆಲಸವಲ್ಲ ಅದು.

ಹಜ್ಜಿಗೆ ಹೊರಡುವವರೆಲ್ಲ ಮಾಡುವಂತೆ ನೀವೂ ಊರೂರು ತಿರುಗಿ ಮಾಫಿ ಕೇಳಿದ್ದು ನೆನಪಾಗುತ್ತಲೇ ಇದೆ. ಯಾವಾಗಲೋ ಚಿಲ್ಲರೆಯ ವಿಷಯಕ್ಕೆ ಜೀಪಿನಲ್ಲಿ ಬೈದಿದ್ದಕ್ಕೆ ದಯಾನಂದಣ್ಣನ ಮನೆಗೆ ಹೋಗೋಣ ಎಂದು ನಾನಂದರೆ, ಬೇಡ, ಜೀಪಲ್ಲಿ ಬೈದಿದ್ದು ಜೀಪಲ್ಲೇ ಕೇಳ್ಬೇಕು ಎಂದು ಹನ್ನೊಂದು ಜನರ ಮುಂದೆ ಕೈ ಮುಗಿದಿರಿ. ಅವನಿಗೆ ಕಣ್ಣಲ್ಲಿ ನೀರು ಬಂತು. ತಿಮ್ಮಮ್ಮನನ್ನೂ ಕೇಳಿದಿರಿ. ನೀವೇನು ಮಾಡಿದ್ದೀರಿ ನಂಗೆ ಎಂದು ಅವರು ನಕ್ಕುಬಿಟ್ಟಿದ್ದರು. ಹಾಗೆ ಎಲ್ಲವನ್ನೂ ಚುಕ್ತಾ ಮಾಡಿ ಹೋದವರ ಜೀಪಿನಿಂದಲೇ ನಾನು ಅವರನ್ನು ಬೀಳಿಸಿದೆ. ಕೈ ಸರಿಯಾಗಲು ಒಂದೂವರೆ ತಿಂಗಳು ಬೇಕಂತೆ. ಅಲ್ಲಿವರೆಗೆ ಅವರ ಜಾಗ ಬೇರೆಯವರಿಗೆ ಕೊಡುವುದಿಲ್ಲ ಎಂದು ದಯಾನಂದಣ್ಣ ಹೇಳಿದ್ದಾನೆ, ಕಣ್ಣಿನ ವಿಷಯ ಗೊತ್ತಿಲ್ಲದಿರುವುದರಿಂದ. ನಿಮ್ಮ ದುವಾದಲ್ಲಿ ಅವರ ಕೈಯನ್ನು ಮೊದಲು ನೆನೆಯಿರಿ, ನನ್ನನ್ನು ಕೊನೆಗೆ.

ಅಮ್ಮಿ ಸಲಾಂ ಹೇಳಿದ್ದಾರೆ, ಸಕ್ಕರೆ ಮಾತ್ರೆ ಊಟಕ್ಕೆ ಮೊದಲು ಎಂದು ಮತ್ತೊಮ್ಮೆ ಬರೆಯಲು ಹೇಳಿದ್ದಾರೆ. ಅಲ್ಲಾಹನು ನಿಮ್ಮ ಹಜ್ಜನ್ನು ಕಬೂಲ್ ಮಾಡಲಿ, ನಿಮ್ಮನ್ನು ಆರೋಗ್ಯವಾಗಿ ನಮ್ಮ ಬಾಗಿಲಿಗೆ ತಲುಪಿಸಲಿ.

ನಿಮ್ಮ ಮಗ
ಜಾವೇದ್

ತಾ.ಕ.: ಬುಧವಾರ ಸಂಜೆ, ಕೊಟ್ಟಿಗೆಹಾರದ ಸ್ಟ್ಯಾಂಡಿನಲ್ಲಿ ಬಾನೆಟ್ಟಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಯೂಸುಫ್ ಸಾಬರ ಕಾರು ಬಂದು ನಿಂತಿದೆ. ಮೇಲಿನ ಕಾಗದದಲ್ಲಿ ಒಂದು ಸುಳ್ಳಿದೆ ಅಬ್ಬಾ. ಯಾರೂ ಮೊದಲೇ ಹೇಳಲಿಲ್ಲ ಎಂಬಂತೆ ಬರೆದೆ. ಹೇಳಿದ್ದರು. ಬೀಳುವ ಹಿಂದಿನ ಸಂಜೆ ತಿಮ್ಮಮ್ಮ ನನ್ನ ಭುಜ ಮುಟ್ಟಿ, ಜಾವೇದು, ಅಪ್ಪನ ಹಾಡು ವರಸೆಗೆ ಹಾಕಪ್ಪ ಎಂದು ಕೇಳಿದರು. ನಾನು, ಅಜ್ಜಿ ಡ್ಯಾನ್ಸಿಗೆ ರೆಡಿಯಾಗ್ತಿದ್ದಾರೆ ಎಂದೆ. ಜೀಪಿಗೆ ಜೀಪೇ ನಕ್ಕಿತು. ಅವರು ಮತ್ತೆ ಕೇಳಿದಾಗ ಬಾಯಿ ಮುಚ್ಚಿಸಲು, ಆಯ್ತಜ್ಜಿ, ನಾಳೆಯಿಂದ ವರಸೆಗೇ ಹಾಕ್ತೀನಿ ಎಂದೆ. ಆ ಮಾತು ನಂಬಿ ಅವರು ಗುರುವಾರ ಒಬ್ಬರೇ ಹತ್ತಿದ್ದು, ಆ ಮಾತು ನಂಬಿಯೇ ಇಳಿದದ್ದು. ಆಸ್ಪತ್ರೆಯಲ್ಲೂ ಅವರು ಅದನ್ನು ಎತ್ತಲಿಲ್ಲ. ಇವತ್ತು ಅವರಿಗೆ ಡಿಸ್ಚಾರ್ಜ್ ಆಯಿತು, ನಮ್ಮ ಜೀಪಿನಲ್ಲೇ ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ಹಿಂದೆ ದಯಾನಂದಣ್ಣ, ಸಾವಿತ್ರಮ್ಮ, ಅವತ್ತು ನಕ್ಕವರೆಲ್ಲ ಇದ್ದಾರೆ. ಕಣ್ಣಿನ ಮಾತು ಬಾಯಿಗೆ ತರುವುದಿಲ್ಲ. ಹಾಕ್ತೀನಿ ಅಂತ ಹೇಳಿ ಹಾಕಲಿಲ್ಲ, ನಿಮ್ಮನ್ನ ನಗಾಡಿದೆ, ಮಾಫ್ ಮಾಡಿ ಎಂದು ಇಷ್ಟೇ ಕೇಳುತ್ತೇನೆ, ಎಲ್ಲರ ಮುಂದೆ. ಹಾಡು ಹಾಕಲ್ವೇನಪ್ಪಾ ಎಂದು ಅವರು ಕರೆಯುತ್ತಿದ್ದಾರೆ. ಮೊದಲು ಮಾಫಿ ಕೇಳಿ ಮುಗಿಸುತ್ತೇನೆ, ಹಾಡು ಆಮೇಲೆ.