ಕರಟದ ನೀರು

ನೊಣವಿನಕೆರೆ,
ಯುಗಾದಿ ಕಳೆದ ವಾರ, ೧೯೭೯

ಅಣ್ಣಯ್ಯನಿಗೆ ತಮ್ಮ ಸಣ್ಣತಿಮ್ಮಯ್ಯನ ನಮಸ್ಕಾರ.

ಕಳೆದ ಕಾರ್ತಿಕದಲ್ಲಿ ನನ್ನ ನಾಯಿಮರಿ ಕಾಯಿಲೆ ಬಿದ್ದಿತ್ತಲ್ಲ, ಆಗ ನೀನೇ ಅದಕ್ಕೆ ವಿಷ ಹಾಕುತ್ತಿದ್ದೀಯ ಎಂದು ನಾನು ನಂಬಿದ್ದೆ. ಇದನ್ನು ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಎದುರಿಗೆ ನಿಂತು ಹೇಳಿದರೆ ನೀನು ಟವೆಲ್ ಕೊಡವಿಕೊಂಡು ತೋಟಕ್ಕೆ ಹೊರಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನೀನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ನಾನು ಒಂಬತ್ತಕ್ಕೆ ಬಿಟ್ಟವನು. ಅಕ್ಷರ ದಪ್ಪ ಮಾಡಿ ಬರೆದಿದ್ದೇನೆ, ನಿಧಾನವಾಗಿ ಓದು.

ಮರಿಯನ್ನು ತಂದ ದಿನವೇ ನಿನ್ನ ಮುಖ ಬಿಗಿದುಕೊಂಡಿತ್ತು. ತಿಪಟೂರಿನ ದರ್ಜಿ ಮಹಮ್ಮದ್ ಇಸ್ಮಾಯಿಲ್ ಅವರ ಜಾತಿನಾಯಿ ಮರಿ ಹಾಕಿದೆ ಎಂದು ಕೇಳಿ ಹೋಗಿ, ಕಾಯಿ ಸುಲಿದು ಸಂಪಾದಿಸಿದ ಕೂಲಿ ಕೊಟ್ಟು ತಂದಿದ್ದೆ. ಒಣಗಿದ ಕೊಬ್ಬರಿ ಗಿಟುಕಿನ ಹಾಗೆ ಗುಂಡಗೆ, ಕಂದು ಬಣ್ಣಕ್ಕೆ ಇತ್ತು. ಗಿಟುಕ ಎಂದೇ ಕರೆದೆ. ನೀನು ಜಗಲಿಯ ಮೇಲಿಂದಲೇ, "ಬೀದೀಲಿ ಬುಟ್ಟಿ ತುಂಬ ಸಿಕ್ತಾವೆ. ದುಡ್ಡು ಕೊಟ್ಟು ನಾಯಿ ತರೋನು ಈ ಹೋಬಳೀಲಿ ನೀನೊಬ್ನೇ ಕಣ್ಲಾ" ಅಂದೆ. ಅವ್ವ ನಕ್ಕಳು. ನೀನು ನಗಲಿಲ್ಲ. ಮರಿ ನಿನ್ನ ಕಾಲು ಮೂಸಲು ಬಂದಾಗ ಎರಡು ಕಾಲನ್ನೂ ಜಗಲಿಯ ಮೇಲಕ್ಕೆ ಎಳೆದುಕೊಂಡೆ. ಆಳೆತ್ತರದ ಗಂಡಸು ಅಂಗೈಯಗಲದ ಮರಿಗೆ ಯಾಕೆ ಕಾಲು ಎಳೆದುಕೊಳ್ಳಬೇಕು? ನನ್ನ ಅನುಮಾನ ಅಲ್ಲಿಂದ ಶುರು.

ವಾರ ಕಳೆಯುವುದರೊಳಗೆ ಗಿಟುಕನ ಕಣ್ಣಲ್ಲಿ ಕೀವು ಬಂತು. ಮೂಗು ಒಣಗಿ ಬಿರಿಯಿತು. ಹಾಲು ಇಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ಮೊದಲು ನಾನು ಇಸ್ಮಾಯಿಲ್ ಸಾಹೇಬರ ಮೇಲೆ ಅನುಮಾನಪಟ್ಟೆ. ಕಾಯಿಲೆ ಮರಿಯನ್ನು ನನ್ನ ತಲೆಗೆ ಕಟ್ಟಿದರು ಎಂದು ಜಗಳಕ್ಕೇ ಹೋದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿ, "ನಮ್ಮನೇಲಿದ್ದ ಎರಡು ಮರೀನೂ ಹೋದ್ವು ಕಣಪ್ಪ. ನಿಂದಿನ್ನೂ ಉಸಿರಾಡ್ತಿದೆಯಾ?" ಅಂದರು. ದುಡ್ಡು ವಾಪಸ್ ಕೊಡಲು ಗಲ್ಲಾಪೆಟ್ಟಿಗೆ ತೆಗೆದರು. ಇಷ್ಟು ಸುಲಭಕ್ಕೆ ಯಾಕೆ ಕೊಡುತ್ತಾರೆ ಎಂದು ಅದಕ್ಕೂ ಅನುಮಾನ ಬಂತು. ತೆಗೆದುಕೊಳ್ಳದೆ ಎದ್ದುಬಂದೆ.

ದನದ ಆಸ್ಪತ್ರೆಯ ಡಾಕ್ಟರು ನೋಡಿ, ಡಿಸ್ಟೆಂಪರ್ ಇರಬೇಕು, ಮರಿಗಳಿಗೆ ಬರುವ ಅಂಟುಜಾಡ್ಯ, ಉಳಿದರೆ ನಿನ್ನ ಪುಣ್ಯ ಎಂದರು. ಮನೆಗೆ ಬಂದು ಊಟಕ್ಕೆ ಕುಳಿತಾಗ ಅದನ್ನು ಇದ್ದ ಹಾಗೇ ಹೇಳಿದೆ. ನೀನು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದೆ:

"ಇರಬೇಕು ಅಂದ್ರಾ, ಅದೇ ಅಂದ್ರಾ?"

"ಇರಬೇಕು ಅಂದ್ರು."

"ಹಂಗಂದ್ರೆ ಅವರಿಗೂ ಗೊತ್ತಿಲ್ಲ ಬುಡು."

ಆಮೇಲೆ ಫಿಟ್ಸು ಶುರುವಾಯಿತು. ದವಡೆ ಕಟಕಟ ಕಡಿಯುತ್ತ, ಬಾಯಲ್ಲಿ ನೊರೆ ಸುರಿಸುತ್ತ, ಬಿದ್ದು ಕಾಲು ಒದರುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿದರು. ಪಕ್ಕದ ಮನೆ ಲಕ್ಕಯ್ಯ, "ಇದು ಹುಚ್ಚೇ ಕಣ್ರಪ್ಪ. ಹೊಡ್ದಾಕ್ಬುಡಿ. ಆಮೇಲೆ ಹೊಕ್ಕಳ ಸುತ್ತ ಸೂಜಿ ಚುಚ್ಚಿಸ್ಕೊಳೋರು ಯಾರು?" ಅಂದ. ನೀನು ಗೋಡೆಗೆ ಒರಗಿಸಿದ್ದ ದೊಣ್ಣೆಯ ಕಡೆ ಒಂದು ಸಲ ನೋಡಿದ್ದನ್ನು ಮಾತ್ರ ನಾನು ಕಂಡೆ.

ಅವತ್ತಿನಿಂದ ನಾನು ಮನೆಯಲ್ಲೇ ಕಾವಲುಗಾರನಾದೆ. ಹಾಲನ್ನು ನಾನೇ ಕುಡಿದು ನೋಡಿ ಅದಕ್ಕೆ ಕೊಡುತ್ತಿದ್ದೆ. ಗಿಟುಕನನ್ನು ಕೊಟ್ಟಿಗೆಯಲ್ಲಿ, ಕಾಯಿ ತುಂಬಿದ ಅಟ್ಟದ ಕೆಳಗೆ ಗೋಣಿ ಹಾಸಿ ಮಲಗಿಸಿದ್ದೆನಲ್ಲ, ಅಲ್ಲಿ ಒಂದು ಬೆಳಿಗ್ಗೆ ಒಂದು ಕರಟ ಕಂಡಿತು. ನಾನು ಇಟ್ಟದ್ದಲ್ಲ. ತಳದಲ್ಲಿ ಒಂದಿಷ್ಟು ನೀರಿತ್ತು. ಅವ್ವನನ್ನು ಕೇಳಿದರೆ, "ನಂಗ್ಯಾಕೆ ಬೇಕಪ್ಪ ನಿನ್ ನಾಯಿ ಉಸಾಬರಿ" ಅಂದಳು. ಮಾರನೆಯ ದಿನ ಮತ್ತೆ ಕರಟ, ಮತ್ತೆ ನೀರು. ಆಗ ನಾನು ಒಲೆಯ ಬೂದಿಯನ್ನು ಜರಡಿ ಹಿಡಿದು ಗೋಣಿಯ ಸುತ್ತ ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಬೂದಿಯಲ್ಲಿ ಹೆಜ್ಜೆ. ಬಲಗಾಲಿನ ಕಿರುಬೆರಳು ಇಲ್ಲದ ಹೆಜ್ಜೆ. ಕಾಯಿ ಸುಲಿಯುವ ಹಾರೆಗೆ ಆ ಬೆರಳನ್ನು ಕಳೆದುಕೊಂಡವನು ನಮ್ಮ ಮನೆಯಲ್ಲಿ ಒಬ್ಬನೇ.

ಕರಟವನ್ನು ಮೂಸಿದೆ. ಏನೂ ವಾಸನೆ ಇರಲಿಲ್ಲ. ವಾಸನೆ ಇಲ್ಲದ ವಿಷವೂ ಇರುತ್ತದೆ ಎಂದು ತಿಪಟೂರಿನ ಮಂಡಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಇನ್ನು ಹೇಗೆ ತಿಳಿಯುವುದು? ಎತ್ತಿ ಕುಡಿದುಬಿಟ್ಟೆ ಅಣ್ಣಯ್ಯ. ಕುಡಿದು ಅಟ್ಟದ ಕೆಳಗೆ ಕುಳಿತು ಹೊಟ್ಟೆ ಹಿಡಿದುಕೊಂಡು ಕಾದೆ. ಮಧ್ಯಾಹ್ನವಾಯಿತು. ಹಸಿವಾಯಿತು, ಅಷ್ಟೇ. ಅದು ನಮ್ಮ ಬಾವಿಯ ನೀರು. ಕಾಯಿಲೆ ನಾಯಿ ಬಾಯಿಟ್ಟ ನೀರು ಎಂಬುದು ಮಾತ್ರ ಆಗ ನನಗೆ ಹೊಳೆದಿರಲಿಲ್ಲ. ಹಾಗಾದರೆ ನೀನು ವಿಷವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಿದ್ದೀಯ, ಮೊದಲು ನೀರಿಗೆ ಅಭ್ಯಾಸ ಮಾಡಿಸುತ್ತಿದ್ದೀಯ ಎಂದುಕೊಂಡೆ. ಅನುಮಾನಕ್ಕೆ ಎಷ್ಟು ಬುದ್ಧಿ ಇರುತ್ತದೆ ನೋಡು.

ಮರುದಿನ ಬೆಳಕು ಹರಿಯುವ ಮುಂಚೆ ಎತ್ತಿನ ಗಾಡಿಯ ಹಿಂದೆ ಅವಿತು ಕುಳಿತೆ. ನೀನು ಬಂದೆ. ಒಂದು ಕೈಯಲ್ಲಿ ಕರಟ, ಇನ್ನೊಂದರಲ್ಲಿ ದೊಣ್ಣೆ. ಕರಟವನ್ನು ಗಿಟುಕನ ಮುಂದಿಟ್ಟು, ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕುಳಿತೆ. ಹಿಂದಿನ ಸಂಜೆ ಅದಕ್ಕೆ ಜೋರು ಫಿಟ್ಸ್ ಬಂದಿತ್ತು. ತಲೆ ಎತ್ತಲೂ ತ್ರಾಣ ಇರಲಿಲ್ಲ. ನೀರನ್ನು ನೋಡಿತು, ಕುಡಿಯಲಿಲ್ಲ. ನಿನ್ನ ಕೈ ದೊಣ್ಣೆಯ ಮೇಲೆ ಬಿಗಿಯಾಯಿತು. ನಾನು ಎದ್ದು ಓಡಿಬರಬೇಕು ಎನ್ನುವಷ್ಟರಲ್ಲಿ ನೀನು ದೊಣ್ಣೆ ಬಿಟ್ಟು ಕರಟದಲ್ಲಿ ಬೆರಳು ಅದ್ದಿದೆ. ಆ ಬೆರಳನ್ನು ಅದರ ಬಾಯಿಗೆ ಹಿಡಿದೆ. "ಕುಡಿಯೋ ಮಾರಾಯ, ಕುಡಿದ್ಬುಡು" ಅಂದೆ. ಗಿಟುಕ ಬೆರಳು ನೆಕ್ಕಿತು. ಇನ್ನೊಮ್ಮೆ ಅದ್ದಿದೆ, ಇನ್ನೊಮ್ಮೆ ನೆಕ್ಕಿತು. ಆಮೇಲೆ ತಾನೇ ಕತ್ತು ಚಾಚಿ ಕರಟಕ್ಕೆ ಬಾಯಿಟ್ಟಿತು. ನೀನು ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಬೆರಳನ್ನು ಎಷ್ಟೋ ಹೊತ್ತು ಬೂದಿಯಲ್ಲಿ ತಿಕ್ಕಿದೆ.

ನಾನು ದೊಣ್ಣೆಯನ್ನೂ ನೋಡಿದೆ, ಬೆರಳನ್ನೂ ನೋಡಿದೆ. ಆದರೂ ಇಷ್ಟು ತಿಂಗಳು ನನ್ನ ಕಣ್ಣಿಗೆ ಕಟ್ಟಿದ್ದು ದೊಣ್ಣೆ ಮಾತ್ರ. ಗಿಟುಕ ಉಳಿಯಿತು. ಹಿಂಗಾಲು ಈಗಲೂ, ಮಲಗಿದ್ದಾಗ ಕೂಡ, ತಟತಟ ಅದುರುತ್ತದೆ, ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬೀದಿಯವರು ಇನ್ನೂ ಅದನ್ನು ಹುಚ್ಚುನಾಯಿ ಎಂದೇ ಕರೆಯುತ್ತಾರೆ. ಹಾಗಾಗಿ ತಿಪಟೂರಿನ ಮಜೀದನ ಕೊಬ್ಬರಿ ಲಾರಿಗೆ ಕ್ಲೀನರ್ ಆಗಿ ಹೋಗುವುದೆಂದು ನಾನು ನಿಶ್ಚಯ ಮಾಡಿಕೊಂಡಾಗ, ನಾಯಿಯನ್ನು ನಿನ್ನ ಹತ್ತಿರ ಬಿಟ್ಟು ಹೋಗಬಾರದು, ಇಸ್ಮಾಯಿಲ್ ಸಾಹೇಬರಿಗೇ ವಾಪಸ್ ಕೊಡಬೇಕು ಎಂದಿದ್ದೆ. ಮೊನ್ನೆ ಅವ್ವನ ಹತ್ತಿರ ಹಾಗೆಂದೆ. "ಅಣ್ಣಯ್ಯ ಅದನ್ನ ಹೊಡೆದು ಸಾಯಿಸ್ತಾನೆ" ಎಂದೆ.

ಅವ್ವ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. "ನಿಮ್ಮಪ್ಪ ಸತ್ತಿದ್ದು ಜ್ವರದಲ್ಲಿ ಅಲ್ಲ ಕಣಪ್ಪ" ಅಂದಳು. ನಾನಾಗ ತೊಟ್ಟಿಲಲ್ಲಿದ್ದೆನಂತೆ. ಅಪ್ಪ ಸಾಕಿದ್ದ ನಾಯಿಗೇ ಹುಚ್ಚು ಹಿಡಿದು ಕಚ್ಚಿದ್ದಂತೆ. ಕಡೆಯ ದಿನ ಬಾಯಾರಿಕೆ, ಬಾಯಾರಿಕೆ ಎನ್ನುತ್ತಿದ್ದ ಅಪ್ಪನಿಗೆ ನೀನು ಕರಟದಲ್ಲಿ ನೀರು ಒಯ್ದೆಯಂತೆ. ನೀರು ಕಂಡದ್ದೇ ಅಪ್ಪ ಕಿರುಚಿ ಗೋಡೆಗೆ ಅಂಟಿಕೊಂಡನಂತೆ, ಹುಚ್ಚು ಹಿಡಿದರೆ ನೀರಿಗೆ ಹಾಗೆ ಹೆದರುತ್ತಾರಂತೆ. ಆ ಕರಟ ಹಿಡಿದುಕೊಂಡೇ ನೀನು ಸಂಜೆಯವರೆಗೂ ಬಾಗಿಲಲ್ಲಿ ನಿಂತಿದ್ದೆಯಂತೆ. "ಚಿಕ್ಕೋನಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡವ್ನೆ" ಅಂದಳು ಅವ್ವ. ಅವಳ ಮೇಲೆ ಸಿಟ್ಟಾಗಬೇಡ.

ನನಗೆ ಅಟ್ಟದಲ್ಲಿ ಕಾಯಿ ಒಣಗಿಸಿ ಕೊಬ್ಬರಿ ಮಾಡುವ ಕೆಲಸ ಕಲಿಸುವಾಗ ನೀನು ಹೇಳಿದ್ದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡು, ಒಳಗೆ ಗಿಟುಕು ಕರಟದಿಂದ ಬಿಟ್ಟುಕೊಂಡಿದ್ದರೆ ಸದ್ದು ಬರುತ್ತದೆ. ಅನುಮಾನ ಬಂದ ಕಾಯಿಯನ್ನು ಒಡೆಯಬೇಡ, ಇನ್ನೊಂದು ತಿಂಗಳು ಅಟ್ಟದಲ್ಲೇ ಬಿಡು ಎಂದು. ನಾನು ತಾಳಲಾರದೆ ಎಷ್ಟು ಹಸಿಗಾಯಿ ಒಡೆದು ಹಾಳು ಮಾಡಿದ್ದೇನೆ, ನಿನಗೇ ಗೊತ್ತು. ಗಿಟುಕನ ವಿಷಯದಲ್ಲಿ ನೀನು, ನೀರಿಗೆ ಹೆದರುತ್ತದೋ ಇಲ್ಲವೋ ಎಂದು ನೋಡುತ್ತ, ದಿನದಿನವೂ ಒಡೆಯದೆ ಬಿಟ್ಟೆ.

ಸುಳ್ಳು ಹೇಳುವುದಿಲ್ಲ, ಒಂದು ಅನುಮಾನ ಈಗಲೂ ಉಳಿದಿದೆ. ಅವತ್ತು ಅದು ಬೆರಳು ನೆಕ್ಕದಿದ್ದರೆ ನೀನು ಏನು ಮಾಡುತ್ತಿದ್ದೆ? ಉತ್ತರ ಬರೆಯಬೇಡ. ಬಹುಶಃ ನಿನಗೂ ಗೊತ್ತಿಲ್ಲ.

ಗಿಟುಕನನ್ನು ನಿನ್ನ ಹತ್ತಿರವೇ ಬಿಟ್ಟು ಹೋಗುತ್ತಿದ್ದೇನೆ. ಬೆಳಿಗ್ಗೆ ಎದ್ದರೆ ಅದು ನಿನ್ನ ದಾರಿಯನ್ನೇ ನೋಡುತ್ತದೆ, ನನ್ನದಲ್ಲ. ಅದನ್ನೂ ಗಾಡಿಯ ಹಿಂದಿನಿಂದ ನೋಡಿದ್ದೇನೆ. ಕರಟ ಕೊಟ್ಟಿಗೆಯ ಗೂಟದ ಪಕ್ಕದಲ್ಲಿದೆ. ದೊಣ್ಣೆಯನ್ನು ನಾನು ಮುರಿದು ಒಲೆಗೆ ಹಾಕಿದೆ, ಅವ್ವನನ್ನು ಕೇಳಬೇಡ. ಗಿಟುಕನ ಕಾಲು ಅದುರಿದರೆ ಹೆದರಬೇಡ ಅಣ್ಣಯ್ಯ. ನೀನು ಚೆನ್ನಾಗಿರು. ಈ ಕಾಗದದಲ್ಲೇ ನಿನ್ನ ಕಾಲು ಮುಟ್ಟಿದ್ದೇನೆ, ಈ ಸಲ ಎಳೆದುಕೊಳ್ಳಬೇಡ.

ನಿನ್ನ ತಮ್ಮ,
ಸಣ್ಣತಿಮ್ಮಯ್ಯ

ಲಾರಿ ನಾಳೆ ಬೆಳಿಗ್ಗೆ ಹೊರಡುತ್ತದೆ. ನಾನು ಮೊದಲನೇ ಬಸ್ಸಿಗೆ ತಿಪಟೂರಿಗೆ ಹೋಗುತ್ತೇನೆ.