ಜೀನಿನ ಬಣ್ಣ

ಮರಳೂರು, ನವೆಂಬರ್ 9, ಭಾನುವಾರ

ಕಣ್ಣು ಉರಿಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ. ಮೊಮ್ಮಗಳು ರೂಪಶ್ರೀಯ ಮೇಜಿನಾಟದ ಕುದುರೆ ಸವಾರ, ಹೆಬ್ಬೆರಳಷ್ಟು ಪ್ಲಾಸ್ಟಿಕ್ ಗೊಂಬೆ. ಅದರ ಜೀನಿಗೆ, ಅಂದರೆ ಕುದುರೆ ಬೆನ್ನಿನ ಚರ್ಮದ ತಡಿಗೆ, ನಾನು ಹಚ್ಚಿದ ಬಣ್ಣ ನೋಡಿ ತಮ್ಮ ಉದಯ ಹೋದ ವಾರ ನಕ್ಕಿದ್ದ. "ಅಕ್ಕಾ, ಇದು ಜೀನಾ? ಕುದ್ರೆ ಮೇಲೆ ಬೆಲ್ಲದಚ್ಚು ಇಟ್ಟಂಗೈತೆ!" ಕುಣಿಗಲ್‌ನಲ್ಲಿ ಕುದುರೆ ನೋಡಿಕೊಂಡೇ ಮುದುಕನಾದವನು ಅವನು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಅಳಿಸಿಬಿಟ್ಟೆ.

ಸವಾರನ ಕೈಯಲ್ಲಿರುವ ಈಟಿಯ ಕೋಲು ಸುಲಭ. ಕಂದು ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಎಳೆದರೆ ಮರವಾಗುತ್ತದೆ. ಚರ್ಮ ಹಾಗಲ್ಲ, ಹಾಳಾದ್ದು. ಈ ಸಲ ಜೀನಿನ ಮಡಿಕೆಗಳಿಗೆ ತೆಳು ಕಪ್ಪು ಇಳಿಸಿದೆ, ತೊಡೆ ಉಜ್ಜುವ ಅಂಚನ್ನು ಮಾಸಲು ಮಾಡಿದೆ.

ಇವತ್ತು ಉದಯ ಬಂದ. ಬೇಕೆಂದೇ ಗೊಂಬೆಯನ್ನು ಅವನ ಕಾಫಿ ಲೋಟದ ಪಕ್ಕ ಇಟ್ಟೆ. ಕನ್ನಡಕ ಏರಿಸಿ ನೋಡಿದ, ನಗಲಿಲ್ಲ.

"ಯಾವೋನಕ್ಕಾ ಇವ್ನು, ಜೀನಿಗೆ ಎಣ್ಣೆನೇ ಕಾಣ್ಸಿಲ್ವಲ್ಲ! ಹಿಂಗೇ ಬುಟ್ರೆ ಸೀಳೋಗ್ತದೆ" ಎಂದು ಬೈದ. ಬೈದ ಮೇಲೆ ತನ್ನ ಮಾತು ತನಗೇ ಕೇಳಿಸಿ, ಬೈದದ್ದು ಪ್ಲಾಸ್ಟಿಕ್ ಗೊಂಬೆಗೆಂದು ಹೊಳೆದು, ಕಾಫಿ ಲೋಟ ಬಾಯಿಗಿಟ್ಟ.

"ಎಣ್ಣೆ ತಂದ್ಕೊಡ್ಲೇನೋ, ನೀನೇ ಹಚ್ಚು" ಎಂದೆ.

ಬೈಗುಳ ಕೇಳಿ ಹೀಗೆ ಹಿಗ್ಗಿದ್ದು ನನ್ನ ಜನ್ಮದಲ್ಲೇ ಇದೇ ಮೊದಲು.