ಟುವಾಲು ಝಾಡಿಸಿದ ಮೇಲೆ

೨೦ ಜನವರಿ ೧೯೬೭, ಶುಕ್ರವಾರ

ಚಂದ್ರಿಯನ್ನು ಹೊಳೆಗೆ ಒಯ್ದು ತಿಕ್ಕಿ ತೊಳೆದದ್ದಾಯಿತು. ಗಡಹಿಂಗ್ಲಜದಲ್ಲಿ ಇಂಥ ಕುದುರೆ ಇನ್ನೊಂದಿಲ್ಲ. ಕೊಲ್ಲಾಪುರದಲ್ಲಿ ಇರಬಹುದು — ಅದೂ ಸಂಶಯ. ಕಬ್ಬಿನ ಗಾಡಿಯವರು ನಿಂತು ನೋಡಿದರು. ಕುದುರೆಯನ್ನೋ, ಮೇಲೆ ಕುಳಿತ ನನ್ನನ್ನೋ... ಇಬ್ಬರನ್ನೂ ಎಂದೇ ಬರೆದುಕೊಳ್ಳುತ್ತೇನೆ.

ಮುಂಜಾನೆಯ ಎಸ್.ಟಿ. ಬಸ್ಸಿಗೆ ಪಾರೀಸ ಬಂದ. ಅಕ್ಕ ಮಾಣಿಕಬಾಯಿಯ ಮಗ. ವಕೀಲಿ ಪಾಸಾಗಿ ಈಗ ಕೊಲ್ಲಾಪುರದಲ್ಲಿ ಎಲ್‌ಎಲ್.ಎಂ. ಓದುತ್ತಿದ್ದಾನೆ. ಇಚಲಕರಂಜಿಯ ಅವರ ಮನೆಯಲ್ಲಿ ಸದಾ ಮಗ್ಗದ ಖಟಖಟ. ಪ್ರಬಂಧ ಬರೆದು ಮುಗಿಯುವವರೆಗೆ ನಮ್ಮಲ್ಲೇ ಇರುತ್ತಾನೆ. ಟ್ರಂಕಿನ ತುಂಬ ಪುಸ್ತಕ. ಹಮಾಲ ಕೇಳಿದ, "ಏನ್ರಿ ಮಾಮಾ, ಕಲ್ಲ ತುಂಬೀರೇನ್ರಿ?"

"ಇಂಗ್ಲಂಡ ರಾಣಿ ಕಾಯಿದೆ ಐತಿ ಒಳಗ. ಸಾವಕಾಶ ಹಿಡಿ."

ಸ್ಟ್ಯಾಂಡಿನ ತುಂಬ ಸುದ್ದಿಯಾಯಿತು. ಆಗಲಿ.

೨೧, ಶನಿವಾರ. ಊಟದ ನಂತರ

ಅಳಿಯನನ್ನು ಕೂರಿಸಿಕೊಂಡು ಕೇಳಿದೆ — ಏನು ಓದುತ್ತಿ, ನನಗೂ ಹೇಳು. ಹಳ್ಳಿಯ ಸಾಲೆ ನಾಲ್ಕನೆಯ ಇಯತ್ತೆ ಆದರೇನು, ತಲೆ ಇದೆ.

"ಇಂಗ್ಲೀಷರದು ಕಾಮನ್ ಲಾ ಅಂತರಿ, ಮಾಮಾ. ಎಲ್ಲಾ ಒಂದ ಪುಸ್ತಕದಾಗ ಬರದಿಟ್ಟಿಲ್ಲ. ಹಿಂದಿನ ಜಡ್ಜ್ ಏನ ತೀರ್ಪ ಕೊಟ್ರು, ಮಂದಿ ರೂಢಿ ಏನೈತಿ, ಅದರ ಮ್ಯಾಲ ನಡೀತೈತಿ."

"ಹಂಗಾರ ನಮ್ಮ ಚಾವಡೀನೂ ಕಾಮನ್ ಲಾನ ಬಿಡು."

ನಕ್ಕ. ಅವನ ಪ್ರಬಂಧದ ವಿಷಯ ಇಷ್ಟು: ವ್ಯಾಪಾರ ಪಕ್ಕಾ ಆಗುವ ಗಳಿಗೆ ಯಾವುದು. ಇಂಗ್ಲಂಡಿನಲ್ಲಿ ಒಂದು ತರಹ, ಫ್ರಾನ್ಸಿನಲ್ಲಿ ಒಂದು, ಜರ್ಮನಿಯಲ್ಲಿ ಮತ್ತೊಂದು. ಹೋಲಿಸಿ ಬರೆಯಬೇಕು. ನಿಮ್ಮ ದನದ ಸಂತೆಗಳ ಟುವಾಲಿನ ಕೆಳಗಿನ ವ್ಯಾಪಾರವನ್ನೂ ಸೇರಿಸು ಎಂದು ಪ್ರೊಫೆಸರು ಹೇಳಿದ್ದಾರಂತೆ.

"ಅದು ಪಕ್ಕಾ ಆಗೂದು ಯಾವಾಗರಿ, ಮಾಮಾ?"

ಕೇಳಿದ್ದು ಯಾರನ್ನು! ಬಿಡಿಸಿ ಹೇಳಿದೆ. ಇಬ್ಬರ ಕೈ ಟುವಾಲಿನ ಕೆಳಗೆ. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ, ಬೆರಳು ಹಿಡಿದು ತಿಳಿಸಬೇಕು. ಒಪ್ಪಿದರೆ ಮಾರುವವನೇ ಟುವಾಲು ತೆಗೆದು ಝಾಡಿಸುತ್ತಾನೆ. ಝಾಡಿಸಿದ ಮೇಲೆ ಮುಗಿಯಿತು. ಸತ್ತ ಅಪ್ಪ ಎದ್ದು ಬಂದು ಬೇಡವೆಂದರೂ ಇಲ್ಲ.

"ನಾಳಿ ಸಂತಿಗೆ ನಡಿ, ಕಣ್ಣಾರೆ ತೋರಸ್ತೀನಿ. ಈ ಕೈಗಿಂತ ಶಾಣ್ಯಾ ಕೈ ತಾಲೂಕಿನ್ಯಾಗ ಇಲ್ಲ."

ಒಳಗಿನಿಂದ ಸೋನಾಬಾಯಿ — "ಕೈ ಶಾಣ್ಯಾನ ಐತಿ. ಬಾಯಿ ಅದರ ಮಾತ ಕೇಳೂದಿಲ್ಲ."

ಹೆಂಡತಿಯ ಮಾತು ಬರೆದಿಡಬಾರದು. ಬರೆದುಬಿಟ್ಟೆ.

೨೨, ರವಿವಾರ. ಸಂಜೆ

ಹೇಗೆ ಬರೆಯಲಿ.

ಚಂದ್ರಿಯ ಮೇಲೆ ಕುಳಿತೇ ಸಂತೆಗೆ ಹೋದೆ. ಪಾರೀಸ ಪಕ್ಕದಲ್ಲಿ ನಡೆದು ಬಂದ. ದತ್ತವಾಡದ ತಾನಾಜಿ ಇದ್ದ. ದನ, ಕುದುರೆಗಳ ವ್ಯಾಪಾರಿ. ಚಂದ್ರಿಯ ಮೇಲೆ ಅವನಿಗೆ ಹಳೆಯ ಕಣ್ಣು. "ಕಾಯ ಮಾಮಾ, ಘೋಡಿ ವಿಕಾಯಚಿ ಕಾ?" ಎಂದ. ಮಾರುತ್ತೀರೇನು ಎಂದು ಅವನು ಪ್ರತಿ ಸಂತೆಗೂ ಕೇಳುವುದು, ನಾನು ಮೀಸೆ ತಿರುವಿ ಮುಂದೆ ಹೋಗುವುದು — ಅದೇ ರೂಢಿ. ಇಂದು ಕೈ ಚಾಚಿದೆ.

"ಗಂಡಸ ಇದ್ರ ಹಿಡಿ! ಈ ಕುದರಿ ಬೆಲಿ ಕೊಡಾವ ಈ ಸಂತ್ಯಾಗ ಇನ್ನೂ ಹುಟ್ಟಿಲ್ಲ!"

ಮಂದಿ ಕೂಡಿತು.

ಟುವಾಲು ನನ್ನದೇ. ಕೆಳಗೆ ಅವನ ಬೆರಳು ಹಿಡಿದು ಒತ್ತಿದೆ — ಯಾರೂ ಕೊಡಲಾರದಂಥ ಬೆಲೆ. ಪಾರೀಸನಿಗೆ ಕಣ್ಣು ಹೊಡೆದೆ, ನೋಡಿಕೋ ಎಂದು. ತಾನಾಜಿ ಅದೇ ಬೆಲೆಯನ್ನು ನನ್ನ ಬೆರಳಿಗೆ ತಿರುಗಿ ಒತ್ತಿದ. ಒಪ್ಪಿದ.

ಅಲ್ಲಿಗೆ ಕೈ ಎಳೆದುಕೊಳ್ಳಬೇಕಿತ್ತು. ಆದರೆ ಹುಡುಗನಿಗೆ ಪೂರ್ತಿ ತೋರಿಸಬೇಕು, ಮಂದಿಯೂ ನೋಡುತ್ತಿದೆ... ಟುವಾಲು ತೆಗೆದೆ. ಝಾಡಿಸಿದೆ. ಪಟ್ಟೆಂದು ಸದ್ದಾಯಿತು.

ನಗುತ್ತಿದ್ದವನು ನಾನೊಬ್ಬನೇ.

"ಮುಂದಿನ ರವಿವಾರ ರೊಕ್ಕ ತರತೀನ್ರಿ, ಮಾಮಾ. ಘೋಡಿ ತಯಾರ ಇಡ್ರಿ."

"ಲೇ ತಾನ್ಯಾ, ಚೇಷ್ಟಾ ಮಾಡಿದ್ನೋ!"

ಅವನು ಟುವಾಲಿನ ಕಡೆ ನೋಡಿದ. ಎಲ್ಲರೂ ಟುವಾಲಿನ ಕಡೆ ನೋಡಿದರು.

೨೩, ಸೋಮವಾರ

ಟ್ರಂಕಿನ ಪುಸ್ತಕಗಳೆಲ್ಲ ಹೊರಗೆ ಬಿದ್ದವು. ನಾನೇ ತೆಗೆಸಿದೆ.

"ಇಂಗ್ಲೀಷ್ ಕಾಯಿದೆ ನಿಮ್ಮ ಮನಸ್ಸಿನಾಗ ಏನಿತ್ತು ಅಂತ ಕೇಳೂದಿಲ್ರಿ, ಮಾಮಾ. ಎದುರಿನಾವಗ ಹೊರಗ ಏನ ಕಂಡೀತು, ಅಷ್ಟ."

"ಫ್ರಾನ್ಸಿನಾವ್ರು?"

"ಅವ್ರು ಮನಸ್ಸಿಗೆ ಹೆಚ್ಚು ಬೆಲಿ ಕೊಡ್ತಾರ."

"ಶಾಣ್ಯಾ ಮಂದಿ. ಜರ್ಮನಿ?"

"ಅಲ್ಲಿ ಚೇಷ್ಟೇಲೆ ಆಡಿದ ಮಾತು ರದ್ದು. ಅದನ್ನ ನಂಬಿದಾವಗ ನಷ್ಟ ಆಗಿದ್ರ ತುಂಬಿ ಕೊಡಬೇಕು."

"ತುಂಬೋಣು! ಜರ್ಮನ್ ಕಾಯಿದೇನ ತಗಿ!"

"ಗಡಹಿಂಗ್ಲಜದಾಗ ಅದು ನಡ್ಯೂದಿಲ್ರಿ."

ಇಷ್ಟು ದೇಶಗಳಿದ್ದೂ ನಮ್ಮನ್ನು ಆಳಲು ಇಂಗ್ಲೀಷರೇ ಬರಬೇಕಿತ್ತೇ. ಫ್ರಾನ್ಸಿನವರು ಗೋವೆಯ ಹಾದಿ ಹಿಡಿದು ಆಜರಾ ಘಟ್ಟ ಹತ್ತಿದ್ದರೂ ಸಾಕಿತ್ತು.

ಒಂದು ದಾರಿ ಇದೆಯಂತೆ. ಇದೆಲ್ಲ ತೋರಿಕೆಗೆ ಎಂದು ತಾನಾಜಿಗೆ ಮೊದಲೇ ಗೊತ್ತಿದ್ದರೆ ಇಂಗ್ಲೀಷ್ ಕಾಯಿದೆಯಲ್ಲೂ ವ್ಯಾಪಾರ ಆಗುವುದಿಲ್ಲ. ಪಾರೀಸ ಕೇಳಿದ, "ಅಳಿಯಗ ತೋರಸಾಕ ಮಾಡಾಕತ್ತೇನಿ ಅಂತ ಬಾಯಿಬಿಟ್ಟು ಹೇಳಿದ್ರೇನ್ರಿ?"

ನೆನಪಿಸಿಕೊಂಡೆ. ಆಡಿದ್ದೆಲ್ಲ ನೆನಪಿಗೆ ಬಂತು. ಅದೊಂದನ್ನು ಆಡಿರಲಿಲ್ಲ.

೨೪, ಮಂಗಳವಾರ

ಪಾರೀಸನಿಗೆ ಹೇಳಿದೆ, "ಮಾಮಾ ಹಂಗ ಅಂದಿದ್ರು ಅಂತ ನೀ ಹೇಳಿಬಿಡು. ನೀನ ಬಾಜೂಕ ನಿಂತಿದ್ದಿ. ವಕೀಲನ ಮಾತು ಯಾರು ತಗದ ಹಾಕ್ತಾರ?"

ಪುಸ್ತಕ ಮುಚ್ಚಿದ. "ನೀವು ಹಂಗ ಅಂದಿದ್ದಿಲ್ರಿ, ಮಾಮಾ."

"ಚಂದ್ರಿ ಹೋಗ್ತಾಳೋ!"

"ಹೌದ್ರಿ."

ಬೈದೆ. ಚಿಕ್ಕವನಿದ್ದಾಗ ಹೆಗಲ ಮೇಲೆ ಹೊತ್ತು ಮೆರೆಸಿದ್ದನ್ನೂ ಎತ್ತಿ ಆಡಿದೆ. ಸಂಜೆಯ ಎಸ್.ಟಿ.ಗೆ ಇಚಲಕರಂಜಿಗೆ ಹೋದ. ಟ್ರಂಕು ಇಲ್ಲೇ ಬಿಟ್ಟ. ಸೋನಾಬಾಯಿ ಅದನ್ನು ಒಳಗೆ ಎಳೆದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

೨೮, ಶನಿವಾರ. ಇಚಲಕರಂಜಿ

ನಿನ್ನೆ ಊರಿನಲ್ಲಿ ಜಿನಗೊಂಡರು ಮನೆಗೆ ಬಂದಿದ್ದರು. ಸಂತೆಯ ತಂಟೆಗಳೆಲ್ಲ ಬಗೆಹರಿಯುವುದು ಅವರ ಮುಂದೆ. ತಾನಾಜಿ ಕಳಿಸಿದನೇ ಎಂದರೆ ಇಲ್ಲ, ತಾವಾಗಿಯೇ.

"ಚೇಷ್ಟಾ ಅಂತ ನೀ ಅಂದ್ರ ನಾವು ಹೂಂ ಅಂತೀವಿ. ತಾನಾಜೀಗೂ ತಿಳಿಸಿ ಹೇಳ್ತೀವಿ. ಕುದರಿ ನಿನ್ನ ಕಡೇನ ಇರ್ಲಿ. ಆದ್ರ ಇನ್ನ ಮ್ಯಾಲ ಟುವಾಲಿನ ಕೆಳಗ ನಿನ್ನ ಕೈ ಯಾರೂ ಹಿಡ್ಯೂದಿಲ್ಲ. ಯಾವುದು ಚೇಷ್ಟಾ, ಯಾವುದು ಖರೆ, ಮಂದಿಗೆ ಹ್ಯಾಂಗ ತಿಳೀಬೇಕಪಾ?"

ಸಿಟ್ಟಿಲ್ಲ, ಜೋರಿಲ್ಲ. ಚಹಾ ಕುಡಿದು, ಚಂದ್ರಿಯ ಕುತ್ತಿಗೆ ತಟ್ಟಿ ಹೋದರು.

ಇಂದು ಟ್ರಂಕಿನ ನೆವ ಮಾಡಿ ಇಲ್ಲಿಗೆ ಬಂದೆ. ಮಗ್ಗದ ಸದ್ದಿಗೆ ಗೋಡೆಗಳೆಲ್ಲ ನಡುಗುತ್ತವೆ. ಪಾರೀಸ ಕಿವಿಗೆ ಹತ್ತಿ ತುರುಕಿಕೊಂಡು ಬರೆಯುತ್ತಿದ್ದ. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟ. ಜಿನಗೊಂಡರು ಅಂದದ್ದನ್ನು ಹೇಳಿದೆ. ಹತ್ತಿ ತೆಗೆದು ಇನ್ನೊಮ್ಮೆ ಹೇಳಿಸಿಕೊಂಡ.

"ಮಾಮಾ, ಇಂಗ್ಲೀಷರು, ಫ್ರೆಂಚರು, ಜರ್ಮನರು, ಯಾರ ಪುಸ್ತಕದಾಗೂ ಇದು ನನಗ ಸಿಕ್ಕಿಲ್ರಿ. ಬಿಟ್ಟು ಬಿಡ್ತಾರ, ಆದ್ರ ಕೈ ಹಿಡ್ಯೂದಿಲ್ಲ! ಬರ್ಕೊಳ್ಲ್ಯಾ?"

"ಬರ್ಕೊ. ಮಾಮಾನ ಹೆಸರ ದೊಡ್ಡ ಅಕ್ಷರದಾಗ ಹಾಕು."

"ನೀವು ಏನ ಮಾಡ್ತೀರಿ?"

ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಕಿವಿ ತೋರಿಸಿದೆ. ಕೇಳಿಸಿತ್ತು.

೨೯, ರವಿವಾರ. ಮುಂಜಾನೆ

ಚಂದ್ರಿಯನ್ನು ಹೊಳೆಗೆ ಒಯ್ದು ತೊಳೆದದ್ದಾಯಿತು. ಸೋನಾಬಾಯಿ ಅಂಗೈಯಲ್ಲಿ ಬೆಲ್ಲ ಇಟ್ಟು ತಿನ್ನಿಸಿದಳು. ಇಂದು ಹತ್ತುವುದಿಲ್ಲ. ಪಕ್ಕದಲ್ಲಿ ನಡೆದು ಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ. ಸಂತೆ ಬಯಲಿನ ಚಹಾದ ಅಂಗಡಿ

ಕೊಟ್ಟೆ. ಹಗ್ಗ ತಾನಾಜಿಯ ಕೈಯಲ್ಲಿ ಇಟ್ಟೆ. ಅವನು ಕೊಟ್ಟದ್ದನ್ನು ಎಣಿಸದೆ ಕಿಸೆಗೆ ಹಾಕಿದೆ. ಗುಂಪಿನಲ್ಲಿ ಯಾರೋ, "ಮಾಮಾ, ಇವತ್ತ ಭಾಷಣ ಇಲ್ಲೇನ್ರಿ?" ಎಂದರು. ಇರಲಿಲ್ಲ. ಜಿನಗೊಂಡರು ದೂರದಿಂದ ನೋಡಿ ತಲೆಯಾಡಿಸಿದರು.

ಡೈರಿ ಕಿಸೆಯಲ್ಲಿತ್ತು, ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಚಂದ್ರಿ ಎದುರಿನ ಬೇವಿನ ಮರದ ಕೆಳಗಿದ್ದಾಳೆ. ತಾನಾಜಿ ಹುಲ್ಲು ಹಾಕಿದ, ಮೂಸಲಿಲ್ಲ. ನೀರಿಟ್ಟ, ಮುಖ ತಿರುಗಿಸಿದಳು. ಸೊಕ್ಕು ಯಾರಿಂದ ಕಲಿತಳೋ... ಗೋಡೆಯ ಕಡೆ ಮುಖ ಮಾಡಿ ಕುಳಿತರೂ ಕಣ್ಣು ಅತ್ತಲೇ ಹೊರಳುತ್ತದೆ. ಪಾರೀಸ ಎಸ್.ಟಿ. ಇಳಿದು ನೇರ ಇಲ್ಲಿಗೇ ಬಂದ. ಎದುರಿಗೆ ಕುಳಿತಿದ್ದಾನೆ. ಚಹಾ ಆರಿತು.

ತಾನಾಜಿ ಹೋಗುವ ಲಕ್ಷಣ ಇಲ್ಲ. ಈಗ ಒಳಗೆ ಬಂದಿದ್ದ.

"ಘೋಡಿ ಈಗ ನನ್ನದು. ಹೌದಿಲ್ರಿ, ಮಾಮಾ?"

"ಹೌದಪಾ."

"ನಾ ವ್ಯಾಪಾರಿ. ಕಟ್ಟಿ ಪೂಜಾ ಮಾಡಾವಲ್ಲ. ಕೈ ಖರೆ ಇದ್ದಾವ ಯಾರ ಬಂದ್ರೂ ಮಾರಾವ."

ಹೇಳಿ ಹೊರಗೆ ಹೋದ. ಬೇವಿನ ಕೆಳಗೆ ನಿಂತಿದ್ದಾನೆ. ಹೆಗಲ ಮೇಲಿನ ಟುವಾಲು ತೆಗೆದ. ಬಲಗೈ ಮೇಲೆ ಹರಡಿದ. ಈ ಕಡೆಯೇ ನೋಡುತ್ತಿದ್ದಾನೆ.

ಈ ಸಲ ಮಾರುವವನು ಅವನು. ಝಾಡಿಸುವವನೂ ಅವನೇ.

"ಮಾಮಾ, ಬಾಯಿ..." ಎಂದ ಪಾರೀಸ. ಗೊತ್ತು. ಬಂದ್.

ಟುವಾಲಿನ ಕೆಳಗೆ ಬಲಗೈ ಬೇಕು. ಪೆನ್ನು —